ಬ್ಯಾಕಪ್ ಡಿಸ್ಕ್ ಯಾರೂ ಕಾಪಿ ಮಾಡ್ಬಾರ್ದು ಅಂತ ಹೊರಟು ಐದು ಡಿವಿಡಿ ಹಾಳ್ಮಾಡ್ದೆ

ಮೊದ್ಲು ಯಾಕೆ ಈ ಉಸಾಬರಿಗೆ ಹೋದೆ ಅಂತ ಹೇಳ್ಬಿಡ್ತೀನಿ. ಡಿಸೆಂಬರಲ್ಲಿ ಭಾವ ಮದುವೆ ಫೋಟೋದಲ್ಲಿ ಇಪ್ಪತ್ತು ಪ್ರಿಂಟ್ ಹಾಕ್ಸೋಣ ಅಂತ ನಮ್ಮನೆ ಬ್ಯಾಕಪ್ ಡಿವಿಡಿನೇ ತಗೊಂಡೋಗಿ ಊರಲ್ಲಿರೋ ಒಂದು ಫೋಟೋ ಅಂಗಡೀಲಿ ಕೊಟ್ಟು ಬಂದ್ರು, ಸಂಜೆ ಹೋಗಿ ಪ್ರಿಂಟೂ ಡಿಸ್ಕೂ ಎರಡೂ ವಾಪಸ್ ತಂದ್ರು, ಅಲ್ಲಿಗೆ ಮುಗೀತು ಅನ್ಕೊಂಡ್ವಿ. ಮೂರು ವಾರ ಬಿಟ್ಟು ಪಕ್ಕದ್ಮನೆ ಆಂಟಿ ಮಗನ ಉಪನಯನಕ್ಕೆ ಆಲ್ಬಂ ಡಿಸೈನ್ ನೋಡಕ್ಕೆ ಅದೇ ಅಂಗಡಿಗೆ ಹೋದ್ರೆ ಸ್ಯಾಂಪಲ್ ಆಲ್ಬಮ್ಮಿನ ಮೂರನೇ ಪುಟದಲ್ಲಿ ನಮ್ಮಕ್ಕ ಧಾರೆ ಸೀರೆ ಉಟ್ಕೊಂಡು ನಿಂತಿದಾಳೆ! ಹೋಗಿ ಕೇಳಿದ್ರೆ ಹುಡುಗ ಏನೂ ಆಗಿಲ್ಲ ಅನ್ನೋ ಥರ "ಡಿಸ್ಕ್ ಬಂದ್ರೆ ಪೂರ್ತಿ ಕಾಪಿ ಹೊಡ್ಕೊಂಡ್ಬಿಡ್ತೀವಿ ಸಾರ್, ಎಲ್ರದ್ದೂ ಹಂಗೇ, ಒಂದೊಂದೇ ಆರಿಸ್ತಾ ಕೂತ್ರೆ ಲೇಟಾಗುತ್ತೆ" ಅಂದ. ಆಲ್ಬಮ್ಮಿಂದ ಆ ಫೋಟೋ ತೆಗೆಸ್ದೆ, ನನ್ನ ಕಣ್ಮುಂದೇನೇ ಫೋಲ್ಡರ್ ಡಿಲೀಟ್ ಮಾಡ್ಸಿದೆ. ಆದ್ರೆ ನಂಗೆ ರಾತ್ರಿ ನಿದ್ದೆ ಬರದೇ ಇದ್ದದ್ದು ಫೋಟೋದಿಂದಲ್ಲ. ಅದೇ ಡಿಸ್ಕಲ್ಲಿ ಇನ್ನೊಂದು ಫೋಲ್ಡರಲ್ಲಿ ಪಹಣಿ, ಅಪ್ಪ ಅಮ್ಮನ ಆಧಾರ್, ಪ್ಯಾನ್, ಮನೆ ಖಾತೆ ಎಲ್ಲಾ ಸ್ಕ್ಯಾನ್ ಮಾಡಿ ಹಾಕಿದ್ದೆ. ಅದು ನನ್ನದೇ ತಪ್ಪು, ಯಾರನ್ನ ಬೈಯೋದು.

ಈ ಕಾಲದಲ್ಲೂ ಡಿವಿಡಿನಾ ಅಂತ ನಗಬೇಡಿ. 2019ರಲ್ಲಿ ನನ್ನ ಒಂದು ಟಿಬಿ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದ್ಕೊಂಡು ಪ್ರಾಣ ಬಿಡ್ತು, 2009ರಲ್ಲಿ ಬರೆದಿಟ್ಟಿದ್ದ ಡಿಸ್ಕುಗಳಲ್ಲಿ ಮುಕ್ಕಾಲು ಭಾಗ ಈಗ್ಲೂ ಓದುತ್ತೆ, ಮೇಲಾಗಿ ಒಂದ್ಸಲ ಬರೆದ್ಮೇಲೆ ಅದನ್ನ ವೈರಸ್ಸೂ ಅಳಿಸಲ್ಲ, ಅಕ್ಕನ ಮಗನೂ ಅಳಿಸಲ್ಲ. ಅದಕ್ಕೆ ಡಿಸ್ಕ್ ಬಿಡಲ್ಲ, ಆದ್ರೆ ಇನ್ಮೇಲೆ ಯಾರೂ ಕಾಪಿ ಮಾಡಕ್ಕಾಗ್ದಂಗೆ ಬರೀತೀನಿ ಅಂತ ಶಪಥ ಮಾಡಿ ಕೂತೆ. ಒಂದು ತಿಂಗಳ ಶನಿವಾರ ಭಾನುವಾರ ಹೋಯ್ತು. ಬರ್ಕೊಂಡಿದ್ದ ನೋಟ್ಸನ್ನ ಹಂಗೇ ಟೈಪ್ ಮಾಡ್ತಿದೀನಿ.

ಫೆಬ್ರವರಿ 1, 2025, ಶನಿವಾರ: ಸಾಮಾನು

ಹಳೇ ಡೆಸ್ಕ್‌ಟಾಪ್, ವಿಂಡೋಸ್ 10, ಒಳಗೇ ಕೂರ್ಸಿರೋ ಸಾಟಾ ಡಿವಿಡಿ ರೈಟರ್, ಇವು ಇದ್ದಿದ್ದೇ. ಹೊಸದಾಗಿ ತಂದಿದ್ದು 50 ಡಿವಿಡಿ-ಆರ್ ಇರೋ ಡಬ್ಬಿ ₹1,100, ತಮ್ಮನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ರೈಟರ್ ₹1,750, ಡಿಸ್ಕ್ ಮೇಲೆ ಬರೆಯೋ ಮಾರ್ಕರ್ ₹45. ಸಾಫ್ಟ್‌ವೇರ್ ಎಲ್ಲಾ ಫ್ರೀ: ಬರ್ನ್ ಮಾಡಕ್ಕೆ ಇಮ್ಗ್‌ಬರ್ನ್ 2.5.8.0 (2013ರಲ್ಲಿ ಬಂದಿದ್ದು, ಆಮೇಲೆ ಹೊಸ ವರ್ಷನ್ನೇ ಬಂದಿಲ್ಲ, ಆದ್ರೂ ಅದಕ್ಕಿಂತ ಚೆನ್ನಾಗಿರೋದು ನಂಗೆ ಸಿಕ್ಕಿಲ್ಲ), ಪಾಸ್‌ವರ್ಡ್ ಬೀಗ ಹಾಕಕ್ಕೆ ವೆರಾಕ್ರಿಪ್ಟ್ ಮತ್ತೆ ಸೆವೆನ್‌ಜಿಪ್, ಗೀರು ಬಿದ್ದ ಡಿಸ್ಕಿನ ರಿಪೇರಿಗೆ ಡಿವಿಡಿಸಾಸ್ಟರ್, ಫೈಲನ್ನ ಬೈಟ್ ಬೈಟಾಗಿ ನೋಡಿ ತಿದ್ದಕ್ಕೆ ಒಂದು ಹೆಕ್ಸ್ ಎಡಿಟರ್.

ಇಲ್ಲೇ ಮೊದಲನೇ ದಡ್ಡತನ ಆಗೋಯ್ತು. ಟ್ರಯಲ್ ನೋಡಕ್ಕೆ ಅಳಿಸಿ ಬರೆಯೋ ಡಿವಿಡಿ-ಆರ್‌ಡಬ್ಲ್ಯೂ ಒಂದು ತಗೊಂಡಿದ್ರೆ ಅರವತ್ತು ರೂಪಾಯಲ್ಲಿ ಮುಗೀತಿತ್ತು. ಅದು ತಲೆಗೆ ಹೊಳೆದಿದ್ದು ಐದು ಡಿಸ್ಕ್ ಹಾಳಾದ್ಮೇಲೆ.

ಬ್ಯಾಕಪ್ ಮಾಡ್ಬೇಕಿದ್ದಿದ್ದು ಒಟ್ಟು 20 ಜಿಬಿ ಚಿಲ್ಲರೆ. ಎರಡು ಸೆಟ್, ಒಂದು ನಮ್ಮನೇಲಿ, ಒಂದು ಅಕ್ಕನ ಮನೇಲಿ. ಜೊತೆಗೆ ತೀರ್ಥಹಳ್ಳಿ ಕಡೆ ಇರೋ ಮಾವನಿಗೆ, ಇನ್ನು ಮೂರು ಮನೆಗೆ, ಟಿವಿಗೆ ಹಾಕಿ ನೋಡೋ ಥರದ ಮದುವೆ ವಿಡಿಯೋ ಡಿಸ್ಕ್. ಮಾವನ ಡಿವಿಡಿ ಪ್ಲೇಯರಿಗೆ ಪೆನ್‌ಡ್ರೈವ್ ಹಾಕೋ ಜಾಗಾನೇ ಇಲ್ಲ, ಅದಕ್ಕೆ ಡಿಸ್ಕೇ ಆಗ್ಬೇಕು.

ಫೆಬ್ರವರಿ 2, ಭಾನುವಾರ: ಬಚ್ಚಿಡೋದು

ಫೋಲ್ಡರಿಗೆ ಹಿಡನ್ ಅಂತ ಟಿಕ್ ಹಾಕಿ ಬರ್ನ್ ಮಾಡ್ದೆ, ಮೇಲ್ಗಡೆ ಬರೀ ಇಪ್ಪತ್ತು ಫೋಟೋ ಕಾಣೋ ಹಂಗೆ. ನನ್ನ ಕಂಪ್ಯೂಟರಲ್ಲಿ ಹಾಕಿದ್ರೆ ಇಪ್ಪತ್ತೇ ಕಾಣ್ಸಿತು, ಭಾರೀ ಖುಷಿ. ತಮ್ಮ ಅವನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕ್ದ, ಎಲ್ಲಾ ಫೋಲ್ಡರೂ ಸಾಲಾಗಿ ಕೂತಿದ್ವು. "ಏನೋ ಬಚ್ಚಿಟ್ಟಿದೀಯ ಅಂದ್ಯಲ್ಲ, ಎಲ್ಲಿ?" ಅಂತ ಕೇಳ್ದ. ವಿಂಡೋಸಲ್ಲೂ ಹಿಡನ್ ಐಟಮ್ಸ್ ಅಂತ ಒಂದು ಟಿಕ್ ಹಾಕಿದ್ರೆ ಮುಗೀತು. ಡಿಸ್ಕ್ ನಂಬರ್ 1 ದಂಡ, ಬರೆದು ನೋಡಿ ಬಿಸಾಕಕ್ಕೆ ಒಟ್ಟು ಹದಿನೈದು ನಿಮಿಷ.

ಫೆಬ್ರವರಿ 8, ಶನಿವಾರ: ಸುಳ್ಳು ಸೈಜು

ಇದು ಹಳೇ ಗೇಮ್ ಸಿಡಿಗಳ ಕಾಲದ ತಂತ್ರ. ಡಿಸ್ಕಿನ ಡೈರೆಕ್ಟರಿಯಲ್ಲಿ (ಫೈಲುಗಳ ಪಟ್ಟಿ) ಫೈಲಿನ ಸೈಜನ್ನ ತಿದ್ದಿ ದೊಡ್ಡದು ಮಾಡೋದು, ಆಗ ಡ್ರ್ಯಾಗ್ ಮಾಡಿ ಕಾಪಿ ಮಾಡೋನಿಗೆ ನಾಲ್ಕು ಜಿಬಿ ಡಿಸ್ಕಲ್ಲಿ ನಲವತ್ತು ಜಿಬಿ ಇದ್ದಂಗೆ ಕಾಣುತ್ತೆ, ಕಾಪಿ ಮಧ್ಯದಲ್ಲೇ ಎರರ್ ಹೊಡ್ಯುತ್ತೆ.

ಇಮ್ಗ್‌ಬರ್ನಲ್ಲಿ ಐಎಸ್‌ಒ ಇಮೇಜ್ (ಡಿಸ್ಕಿಗೆ ಹೋಗೋದನ್ನೆಲ್ಲಾ ಹಂಗಂಗೇ ಹಿಡಿದಿಡೋ ಒಂದೇ ಫೈಲು) ಮಾಡ್ಕೊಂಡು ಹೆಕ್ಸ್ ಎಡಿಟರಲ್ಲಿ ತೆಗ್ದೆ. ಒಂದೊಂದು ಫೈಲಿನ ರೆಕಾರ್ಡಲ್ಲೂ ಸೈಜು ಎರಡು ಸಲ ಬರೆದಿರುತ್ತೆ, ಒಂದು ನೇರಕ್ಕೆ ಒಂದು ಉಲ್ಟಾ, ನಾಲ್ಕು ನಾಲ್ಕು ಬೈಟು. ಹತ್ತು ಫೋಟೋಗೆ ಕೂತು ಎರಡೂ ಕಡೆ ತಿದ್ದಿ 3.9 ಜಿಬಿ ಮಾಡ್ದೆ, ಒಂದೂವರೆ ಗಂಟೆ ಕೆಲಸ, ಕಣ್ಣು ಉರಿ ಬಂತು. ಬರ್ನ್ ಮಾಡಿ ಹಾಕಿ ನೋಡ್ತೀನಿ, ಎಲ್ಲಾ ಮೊದಲಿನ ಹಂಗೇ ಇದೆ, ಒಂದು ಬೈಟೂ ಬದಲಾಗಿಲ್ಲ! ಹದಿನೈದು ನಿಮಿಷ ತಲೆ ಕೆರ್ಕೊಂಡೆ. ಕೊನೆಗೆ ಗೊತ್ತಾಗಿದ್ದು ಏನಂದ್ರೆ ಆ ಇಮೇಜಲ್ಲಿ ಎರಡು ಡೈರೆಕ್ಟರಿ ಇರುತ್ತೆ, ಹಳೇ ಐಎಸ್‌ಒ 9660ದು ಒಂದು, ಉದ್ದ ಹೆಸರಿಗೆ ಅಂತ ಜೋಲಿಯೆಟ್ಟಿಂದು ಇನ್ನೊಂದು. ವಿಂಡೋಸ್ ನೋಡೋದು ಜೋಲಿಯೆಟ್. ನಾನು ತಿದ್ದಿದ್ದು ಇನ್ನೊಂದನ್ನ. ಅಲ್ಲಿಗೆ ಡಿಸ್ಕ್ 2 ಹೋಯ್ತು.

ಮತ್ತೆ ಕೂತು ಅದನ್ನೂ ತಿದ್ದಿ ಡಿಸ್ಕ್ 3 ಬರೆದೆ. ಈ ಸಲ ಕೆಲಸ ಮಾಡ್ತು, ಪ್ರಾಪರ್ಟೀಸಲ್ಲಿ 40 ಜಿಬಿ ಮೇಲೆ ತೋರಿಸ್ತು, ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಕೊಟ್ರೆ ಸ್ವಲ್ಪ ಹೊತ್ತಾದ್ಮೇಲೆ ಓದಕ್ಕಾಗ್ತಿಲ್ಲ ಅಂತ ನಿಂತೋಯ್ತು. ನಾನು ಅಮ್ಮನ್ನ ಕರ್ದು ತೋರ್ಸಿದೆ ಕೂಡ. ಆಮೇಲೆ ತಮ್ಮ ಬಂದು ಅದೇ ಇಮ್ಗ್‌ಬರ್ನಲ್ಲಿ "ಡಿಸ್ಕಿಂದ ಇಮೇಜ್ ಮಾಡು" ಅನ್ನೋ ಬಟನ್ ಒತ್ತಿದ, ಏಳು ನಿಮಿಷಕ್ಕೆ ಪೂರ್ತಿ ಡಿಸ್ಕ್ ಸುಳ್ಳು ಸೈಜಿನ ಸಮೇತ ಕಾಪಿ ಆಯ್ತು. ಇಮೇಜ್ ಮಾಡೋನು ಫೈಲ್ ಹೆಸರು, ಸೈಜು ಏನೂ ಕೇಳಲ್ಲ, ಮೊದಲನೇ ಸೆಕ್ಟರಿಂದ (ಸೆಕ್ಟರ್ ಅಂದ್ರೆ ಡಿಸ್ಕಿನ 2048 ಬೈಟಿನ ಒಂದು ತುಂಡು) ಕೊನೇವರೆಗೂ ಒಂದೊಂದಾಗಿ ಎತ್ಕೊಂಡು ಹೋಗ್ತಾನೆ ಅಷ್ಟೇ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಆ ಹತ್ತು ಫೋಟೋನ ನಾನೇ ತೆಗೆಯಕ್ಕೆ ಹೋದ್ರೆ ಡ್ರೈವ್ ಗರಗರ ಅಂತ ತಿರುಗ್ತಾನೇ ಇತ್ತು, ಕಾಪಿ ಮಾಡಿದ್ರೆ ನಂಗೂ ಅದೇ ಎರರ್. ಅಂಗಡಿಯವನಿಗೆ ಹಾಕಿದ ಬೀಗ ಕೀ ಇಲ್ದೆ ನಂಗೂ ಬಿತ್ತು, ಬ್ಯಾಕಪ್ ಅಂತ ಇಟ್ಕೊಂಡು ನಾಳೆ ನಾನೇ ವಾಪಸ್ ತಗೊಳಕ್ಕಾಗಲ್ಲ ಅಂದ್ರೆ ಅದ್ಯಾವ ಸೀಮೆ ಬ್ಯಾಕಪ್. ಈ ಮಾತು ಅವತ್ತೇ ತಲೇಲಿ ಕೂರ್ಬೇಕಿತ್ತು, ಕೂರ್ಲಿಲ್ಲ.

ಫೆಬ್ರವರಿ 9, ಭಾನುವಾರ: ಕೈವಾರ

ಇದನ್ನ ಬರೆಯಕ್ಕೆ ನಾಚಿಕೆ ಆಗುತ್ತೆ ಆದ್ರೂ ಬರೀತೀನಿ. ದುಡ್ಡು ಕೊಟ್ಟು ತರೋ ಕೆಲವು ಸಿನಿಮಾ ಡಿವಿಡಿಗಳಲ್ಲಿ ಬೇಕಂತಲೇ ಕೆಟ್ಟ ಸೆಕ್ಟರ್ ಇಟ್ಟಿರ್ತಾರೆ, ಪ್ಲೇಯರ್ ಆ ಜಾಗಕ್ಕೆ ಹೋಗಲ್ಲ, ಕಾಪಿ ಮಾಡೋ ಸಾಫ್ಟ್‌ವೇರ್ ಹೋಗಿ ಸಿಕ್ಕಾಕೊಳ್ಳುತ್ತೆ. ಸೋನಿಯವರ ಆರ್ಕೋಸ್ ಅನ್ನೋದು ಇದೇ ಜಾತಿ. ಮನೆ ರೈಟರಲ್ಲಿ ಹಂಗೆ ಬರೆಯಕ್ಕಾಗಲ್ಲ, ಡಿವಿಡಿ ರೈಟರ್ ಎರರ್ ಕರೆಕ್ಷನ್ನ (ಓದುವಾಗ ತಪ್ಪು ಸರಿಮಾಡ್ಕೊಳ್ಳೋ ಹೆಚ್ಚುವರಿ ಡೇಟಾ) ತಾನೇ ಲೆಕ್ಕ ಹಾಕಿ ಸರಿಯಾಗೇ ಬರೆಯುತ್ತೆ, ತಪ್ಪು ಬರಿ ಅಂದ್ರೆ ಕೇಳಲ್ಲ. ಸರಿ, ಬರೆಯಕ್ಕಾಗಲ್ಲ ಅಂದ್ರೆ ಗೀಚೋಣ ಅಂತ ನನ್ನ ಬುದ್ಧಿ.

ಪ್ಲಾನು ಹೀಗೆ. ಡಿಸ್ಕಿನ ಮಧ್ಯದಲ್ಲಿ 300 ಎಂಬಿ ಡಮ್ಮಿ ಫೈಲ್ ಇಡೋದು, 2 ಜಿಬಿಯಿಂದ 2.3 ಜಿಬಿವರೆಗೆ. ಡೇಟಾ ಶುರುವಾಗೋದು ಕೇಂದ್ರದಿಂದ 24 ಮಿಮೀಗೆ, ಮುಗಿಯೋದು 58ಕ್ಕೆ. ಡಿಸ್ಕ್ ಒಟ್ಟು 4.38 ಜಿಬಿ. ಹೊರಗೆ ಹೋದಷ್ಟೂ ಸುತ್ತು ದೊಡ್ಡದಾಗೋದ್ರಿಂದ ವರ್ಗದ ಲೆಕ್ಕ ಹಾಕ್ಬೇಕು, ಹಾಕಿದ್ರೆ ನನ್ನ ಡಮ್ಮಿ ಕೂರೋದು 43 ಮಿಮೀಯಿಂದ 45.2 ಮಿಮೀ ಮಧ್ಯ. ಅಂದ್ರೆ 300 ಎಂಬಿ ಅನ್ನೋದು ಎರಡು ಮಿಮೀ ಪಟ್ಟಿ. ಕೈವಾರನ 44ಕ್ಕೆ ಇಟ್ಟು ಒಂದು ಸುತ್ತು ಗೀಚಿದ್ರೆ ಸರಿಯಾಗುತ್ತೆ.

ಕೈವಾರ ತಗೊಂಡು ಕೂತ್ಮೇಲೆ ನೆನಪಾಯ್ತು ಡಿಸ್ಕಿನ ಮಧ್ಯದಲ್ಲಿ ತೂತಿದೆ ಅಂತ. ಹದಿನೈದು ಮಿಮೀ ತೂತು, ಕೈವಾರದ ಮುಳ್ಳು ಊರೋದೆಲ್ಲಿ? ಅಕ್ಕನ ಮಗನ ಪೆನ್ಸಿಲ್ ಬಾಕ್ಸಿಂದ ರಬ್ಬರ್ ಕದ್ದು ಬ್ಲೇಡಲ್ಲಿ ದುಂಡಗೆ ಕೆತ್ತಿ ತೂತಿಗೆ ತುರುಕ್ದೆ, ಮಧ್ಯ ಅಂದಾಜಲ್ಲಿ ಒಂದು ಚುಕ್ಕೆ ಇಟ್ಟು ಮುಳ್ಳು ಊರಿ ತಿರುಗಿಸ್ದೆ. ಕರ್ರ್ ಅಂತ ಶಬ್ದ, ಹಲ್ಲು ಜುಂ ಅಂತು. ರಬ್ಬರ್ ಮೆತ್ತಗಿರೋದ್ರಿಂದ ಮುಳ್ಳು ವಾಲಿ ಒಂದು ಕಡೆ ಗೆರೆ 42ಕ್ಕೆ ಬಂತು, ಎದುರುಗಡೆ 46ಕ್ಕೆ ಹೋಯ್ತು. ಎರಡು ಮಿಮೀ ಪಟ್ಟಿಗೆ ನಾಲ್ಕು ಮಿಮೀ ಗಾಯ.

ಡ್ರೈವಿಗೆ ಹಾಕಿದ್ರೆ ನಾಲ್ಕು ನಿಮಿಷ ಬೇಕಾಯ್ತು ಡಿಸ್ಕ್ ಅಂತ ಗುರುತು ಹಿಡಿಯಕ್ಕೆ. ಡಮ್ಮಿಯ ಆಚೀಚೆ ಇದ್ದ 87 ಫೋಟೋ ಓದ್ಲಿಲ್ಲ. ಪುಣ್ಯಕ್ಕೆ ಒರಿಜಿನಲ್ ಹಾರ್ಡ್ ಡಿಸ್ಕಲ್ಲಿ ಇತ್ತು. ಒಂದು ವಿಷಯ ಕಲಿತೆ, ಕೇಂದ್ರದಿಂದ ಅಂಚಿಗೆ ನೇರ ಬಿದ್ದ ಗೀರನ್ನ ಡ್ರೈವ್ ಹೆಂಗೋ ಸಂಭಾಳಿಸ್ಕೊಳ್ಳುತ್ತೆ, ಹಿಂಗೆ ಟ್ರ್ಯಾಕಿನ ಉದ್ದಕ್ಕೇ ಸುತ್ತು ಹೊಡೆದ ಗೀರು ಅದಕ್ಕೆ ಅರಗಲ್ಲ.

ಅಷ್ಟಕ್ಕೇ ಬಿಟ್ನಾ, ಇಲ್ಲ. ಡಿಸ್ಕ್ 5ಕ್ಕೆ ರಬ್ಬರ್ ಬದ್ಲು ಬಾಟ್ಲಿ ಬಿರಡೆ ಹಾಕಿ, ಮಧ್ಯಾನ ಸರಿಯಾಗಿ ಅಳೆದು, ಉಸಿರು ಬಿಗಿಹಿಡ್ದು ಗೀಚ್ದೆ. ಸರಿಯಾಗಿ ಡಮ್ಮಿ ಮೇಲೇ ಬಿತ್ತು. ಪೂರ್ತಿ ಕಾಪಿ ಕೊಟ್ರೆ ಡಮ್ಮಿ ಹತ್ರ ಎರರ್. ಎರರ್ ಜೊತೆಗೇ ಸ್ಕಿಪ್ ಅನ್ನೋ ಬಟನ್. ಅದನ್ನ ಒತ್ತಿದ್ರೆ ಉಳಿದಿದ್ದೆಲ್ಲಾ ಸಲೀಸಾಗಿ ಕಾಪಿ! ತಮ್ಮ ಲಿನಕ್ಸಲ್ಲಿ ಡಿಡಿರೆಸ್ಕ್ಯೂ ಅಂತ ಹಾಕ್ದ, ಅದು ಕೆಟ್ಟಿರೋ ಜಾಗ ಹಾರಿಸ್ಕೊಂಡು ಮುಂದಕ್ಕೆ ಹೋಗಿ ಉಳಿದಿದ್ದನ್ನೆಲ್ಲಾ ಎತ್ಕೊಂಡು ಬಂತು. ಅಲ್ಲಿಗೆ ಕೈವಾರ ವಾಪಸ್ ಪೆನ್ಸಿಲ್ ಬಾಕ್ಸಿಗೆ, ರಬ್ಬರಿಗೆ ಐದು ರೂಪಾಯಿ ಕೊಟ್ಟೆ.

ಫೆಬ್ರವರಿ 15, ಶನಿವಾರ: ಸಿನಿಮಾ ಡಿವಿಡಿ ಥರ ಲಾಕ್

ಈ ದಿನ ಒಂದು ಡಿಸ್ಕೂ ಹಾಳಾಗ್ಲಿಲ್ಲ, ಯಾಕಂದ್ರೆ ಶುರುವೇ ಆಗ್ಲಿಲ್ಲ. ಅಂಗಡೀಲಿ ಸಿಗೋ ಸಿನಿಮಾ ಡಿವಿಡಿಗೆ ಸಿಎಸ್‌ಎಸ್ ಅಂತ ಲಾಕ್ ಇರುತ್ತೆ, ಮಾವನಿಗೆ ಕೊಡೋ ಮದುವೆ ವಿಡಿಯೋ ಡಿಸ್ಕಿಗೂ ಅದನ್ನೇ ಹಾಕೋಣ ಅನ್ಕೊಂಡಿದ್ದೆ, ಪ್ಲೇಯರಲ್ಲೂ ಓಡುತ್ತೆ ಕಾಪಿನೂ ಆಗಲ್ಲ ಅಂತ. ಆಗಲ್ಲ. ಆ ಕೀ ಕೂರೋದು ಡಿಸ್ಕಿನ ಒಳಸುತ್ತಿನ ಲೀಡ್-ಇನ್ ಜಾಗದಲ್ಲಿ, ನಾವು ತರೋ ಖಾಲಿ ಡಿವಿಡಿ-ಆರಲ್ಲಿ ಆ ಜಾಗನ ಫ್ಯಾಕ್ಟರಿಯಲ್ಲೇ ಬರೆಯಕ್ಕಾಗ್ದಂಗೆ ಮಾಡಿ ಕಳಿಸಿರ್ತಾರೆ. ಬರೆಯಕ್ಕಾಗಿದ್ರೂ ಏನು ಪ್ರಯೋಜನ ಇತ್ತೋ, 40 ಬಿಟ್ಟಿನ ಆ ಬೀಗ 1999ರಲ್ಲೇ ಒಡೆದೋಗಿದೆ.

ಹಾಡಿನ ಸಿಡಿ ಕಂಪನಿಗಳ ಪಾಡೂ ಅಷ್ಟೇ ಅಲ್ವಾ. 2002ರಲ್ಲಿ ಕಾಪಿ ಆಗಲ್ಲ ಅಂತ ಬಿಟ್ಟ ಸಿಡಿಗಳ ಅಂಚಿಗೆ ಜನ ಸ್ಕೆಚ್ ಪೆನ್ನಲ್ಲಿ ಕಪ್ಪು ಬಳಿದು ಕಾಪಿ ಮಾಡ್ಕೊಂಡ್ರು, 2003ರಲ್ಲಿ ಇನ್ನೊಂದು ಥರದ ಸಿಡಿ ಬೀಗ ಡಿಸ್ಕ್ ಹಾಕುವಾಗ ಶಿಫ್ಟ್ ಕೀ ಒತ್ತಿಹಿಡಿದ್ರೆ ಬಿಚ್ಕೊಳ್ತಿತ್ತು. ಕೋಟಿಗಟ್ಲೆ ಖರ್ಚು ಮಾಡಿದವ್ರದ್ದೇ ಈ ಗತಿ ಆದ್ರೆ ರಬ್ಬರ್ ಕೆತ್ಕೊಂಡು ಕೂತ ನನ್ನದೇನು. ಅವತ್ತು ಸಂಜೆ ಕಾಫಿ ಕುಡೀತಾ ನಿರ್ಧಾರ ಮಾಡ್ದೆ, ಡಿಸ್ಕನ್ನ ಕಾಪಿ ಮಾಡ್ಕೊಳ್ಳೋರು ಮಾಡ್ಕೊಳ್ಳಿ, ಒಳಗಿರೋದನ್ನ ಓದಕ್ಕಾಗ್ಬಾರ್ದು ಅಷ್ಟೇ.

ಫೆಬ್ರವರಿ 16, ಭಾನುವಾರ: ವೆರಾಕ್ರಿಪ್ಟ್ ಡಬ್ಬಿ

ವೆರಾಕ್ರಿಪ್ಟಲ್ಲಿ ಕಂಟೇನರ್ ಅಂತ ಒಂದು ದೊಡ್ಡ ಫೈಲ್ ಮಾಡ್ಕೊಂಡು, ಪಾಸ್‌ವರ್ಡ್ ಕೊಟ್ಟು ತೆಗೆದ್ರೆ ಅದೇ ಒಂದು ಡ್ರೈವ್ ಥರ ಕಾಣುತ್ತೆ, ಒಳಗೆ ಫೋಟೋ ತುಂಬಿ ಮುಚ್ಚಿ ಆ ಫೈಲನ್ನ ಡಿಸ್ಕಿಗೆ ಬರೆಯೋದು. ಮುಚ್ಚಿದ್ಮೇಲೆ ಅದು ಬರೀ ಕಸ, ತಲೆ ಬುಡ ಗೊತ್ತಾಗಲ್ಲ.

ಸೈಜಲ್ಲಿ ಮೂರು ಸಲ ಎಡವಿದೆ. ಮೊದಲನೇ ಸಲ ಡಬ್ಬಿ ಮೇಲೆ 4.7 ಜಿಬಿ ಅಂತ ಇದೆಯಲ್ಲ ಅಂತ 4700 ಎಂಬಿ ಕೊಟ್ಟೆ. ಕಂಪನಿಯವ್ರು ಸಾವಿರದ ಲೆಕ್ಕದಲ್ಲಿ ಬರೀತಾರೆ, ಕಂಪ್ಯೂಟರ್ 1024ರ ಲೆಕ್ಕ, ನಿಜವಾಗಿ ಹಿಡಿಯೋದು 4,70,73,19,808 ಬೈಟು, ಅಂದ್ರೆ 4489 ಎಂಬಿ. ಹಿಡೀಲಿಲ್ಲ. ಎರಡನೇ ಸಲ 4480 ಕೊಟ್ರೆ ಇಮ್ಗ್‌ಬರ್ನ್ ಹಳೇ ಐಎಸ್‌ಒ ಫಾರ್ಮ್ಯಾಟಿಗೆ ನಾಲ್ಕು ಜಿಬಿ ಮೇಲಿನ ಒಂದೇ ಫೈಲ್ ಆಗಲ್ಲ, ಯುಡಿಎಫ್ ಅನ್ನೋ ಇನ್ನೊಂದು ಫಾರ್ಮ್ಯಾಟ್ ಮಾಡು ಅಂತು. ಮಾಡ್ದೆ, ಹಿಡೀತು, ಆದ್ರೆ ಡಿಸ್ಕ್ ತುಂಬಿ ತುಳುಕ್ತಿದ್ರಿಂದ ರಿಪೇರಿ ಮಾಹಿತಿಗೆ ಜಾಗ ಇಲ್ಲ. ಅದು ಯಾಕೆ ಬೇಕು ಅಂದ್ರೆ, ಬಿಡಿ ಫೋಟೋ ಇರೋ ಡಿಸ್ಕಲ್ಲಿ ಒಂದು ಗೀರು ಬಿದ್ರೆ ಎರಡು ಫೋಟೋ ಹೋಗುತ್ತೆ, ಕಂಟೇನರಿನ ಹೆಡರ್ (ಡಬ್ಬಿ ತೆಗೆಯೋ ಕೀ ಇರೋ ಶುರುವಿನ ಭಾಗ) ಇರೋ ಜಾಗದಲ್ಲಿ ಗೀರು ಬಿದ್ರೆ ಇಡೀ ಡಬ್ಬಿ ಹೋಗೋ ಭಯ. ವೆರಾಕ್ರಿಪ್ಟ್ ಕೊನೇಲಿ ಹೆಡರಿನ ಇನ್ನೊಂದು ಪ್ರತಿ ಇಟ್ಟಿರುತ್ತೆ ಸರಿ, ಆದ್ರೂ ನಂಗೆ ಕೈವಾರದ ಅನುಭವ ಹಸಿಯಾಗಿತ್ತು.

ಕೊನೆಗೆ 3500 ಎಂಬಿಗೆ ನಿಂತೆ. ಬೀಗದ ವಿಧಾನ ಏಇಎಸ್, ಒಳಗಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್, ತಮ್ಮನ ಲಿನಕ್ಸಲ್ಲೂ ತೆಗೀಲಿ ಅಂತ. ಡಿಸ್ಕಲ್ಲಿ ಉಳಿದ ಜಾಗನೆಲ್ಲಾ ಡಿವಿಡಿಸಾಸ್ಟರಿಗೆ ಬಿಟ್ಕೊಟ್ಟೆ, ಅದು ಐಎಸ್‌ಒ ಇಮೇಜಿಗೇ ರಿಪೇರಿ ಮಾಹಿತಿ ಸೇರಿಸುತ್ತೆ, ನನ್ನ ಲೆಕ್ಕಕ್ಕೆ ಡೇಟಾದ ನೂರಕ್ಕೆ 28ರಷ್ಟು ಸಿಕ್ತು. ಹಳೇ ಕಂಪ್ಯೂಟರಲ್ಲಿ ಒಂದೊಂದು ಇಮೇಜಿಗೆ 20 ನಿಮಿಷ ಮೇಲೆ ತಗೊಳ್ತು. ಬರ್ನ್ ಮಾಡೋ ಮೊದ್ಲೇ ಸೇರಿಸ್ಬೇಕು, ಆಮೇಲೆ ಆ ಇಮೇಜನ್ನ ಮುಟ್ಟಂಗಿಲ್ಲ.

ಅಷ್ಟೊತ್ತಿಗೆ ಬುದ್ಧಿ ಬಂದು ಆರ್‌ಡಬ್ಲ್ಯೂ ಒಂದು ತಂದಿದ್ದೆ. ಅದಕ್ಕೆ ಬರೆದು, ಕೆಳಗಡೆ ಮಾರ್ಕರಲ್ಲಿ ಒಳಗಿಂದ ಅಂಚಿನವರೆಗೆ ಒಂದು ದಪ್ಪ ಗೆರೆ ಎಳೆದು, ಡಿವಿಡಿಸಾಸ್ಟರಲ್ಲಿ ಓದಿಸ್ದೆ. ಸುಮಾರು ಸೆಕ್ಟರ್ ಕೆಂಪಾಗಿ ಬಂತು, ಫಿಕ್ಸ್ ಕೊಟ್ಟೆ, ಎಲ್ಲಾ ವಾಪಸ್ ಬಂತು, ಕಂಟೇನರ್ ತೆಗೀತು. ನಿಜ ಹೇಳ್ಬೇಕಂದ್ರೆ ಇಡೀ ತಿಂಗಳಲ್ಲಿ ನಂಗೆ ಖುಷಿ ಆಗಿದ್ದು ಈ ಹತ್ತು ನಿಮಿಷ ಮಾತ್ರ.

ಒಂದು ತೊಂದರೆ ಇದೆ. ಬೇರೆಯವರ ಕಂಪ್ಯೂಟರಲ್ಲಿ ವೆರಾಕ್ರಿಪ್ಟ್ ಓಡಿಸಕ್ಕೆ ಅಡ್ಮಿನ್ ಪರ್ಮಿಷನ್ ಬೇಕು. ಭಾವನ ಆಫೀಸ್ ಲ್ಯಾಪ್‌ಟಾಪಲ್ಲಿ ಆಗ್ಲಿಲ್ಲ. ಅದಕ್ಕೆ ಪಹಣಿ, ಖಾತೆ ಪೇಪರುಗಳನ್ನ ಬೇರೆ ಮಾಡಿ ಸೆವೆನ್‌ಜಿಪಲ್ಲಿ ಹಾಕೋಣ ಅನ್ಕೊಂಡೆ.

ಫೆಬ್ರವರಿ 22, ಶನಿವಾರ: ಪಾಸ್‌ವರ್ಡು

ಸೆವೆನ್‌ಜಿಪಲ್ಲಿ 7ಝಡ್ ಫಾರ್ಮ್ಯಾಟ್, ಏಇಎಸ್-256, ಜೊತೆಗೆ "ಫೈಲ್ ಹೆಸರೂ ಮುಚ್ಚು" ಅನ್ನೋ ಟಿಕ್. ಈ ಟಿಕ್ ಮರೆತ್ರೆ ತೆಗೆಯಕ್ಕಾಗ್ದಿದ್ರೂ "ಅಪ್ಪ ಆಧಾರ್" ಅಂತ ಹೆಸರುಗಳೆಲ್ಲಾ ಕಾಣ್ತಾ ಇರುತ್ತೆ. ಮೊದಲನೇ ಸಲ ಮರೆತಿದ್ದೆ.

ಆಮೇಲೆ ನನ್ನ ಜಾಣತನ ನೋಡಿ, ಪಾಸ್‌ವರ್ಡ್ ಕನ್ನಡದಲ್ಲಿ ಇಟ್ರೆ ಯಾವನೂ ಊಹೆ ಮಾಡಲ್ಲ ಅಂತ ಒಂದು ಉದ್ದ ವಾಕ್ಯ ಇಟ್ಟೆ. ಟೈಪ್ ಮಾಡೋ ಬದ್ಲು ಹಳೇ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದ ಒಂದು ಫೈಲಲ್ಲಿ ಆ ವಾಕ್ಯ ಇತ್ತು, ಯೂನಿಕೋಡಿಗೆ ಕನ್ವರ್ಟ್ ಮಾಡಿ ಅಲ್ಲಿಂದ ಕಾಪಿ ಪೇಸ್ಟ್. ಸಂಜೆ ತಮ್ಮ ಅದೇ ವಾಕ್ಯ ಅವನ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿದ್ರೆ ತೆಗೀಲಿಲ್ಲ. ನಾನೂ ಟೈಪ್ ಮಾಡ್ದೆ, ನಂಗೂ ತೆಗೀಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಅಕ್ಷರಕ್ಕೆ ಅಕ್ಷರ ಒಂದೇ. ರಾತ್ರಿ ಹನ್ನೊಂದಕ್ಕೆ ಮತ್ತೆ ಹೆಕ್ಸ್ ಎಡಿಟರ್ ತೆಗ್ದೆ. ವಾಕ್ಯದಲ್ಲಿ ಒಂದು "ಮೊ" ಇತ್ತು. ಟೈಪ್ ಮಾಡಿದ್ರಲ್ಲಿ ಆ ಒಕಾರ ಒಂದೇ ಕೋಡು, ಕನ್ವರ್ಟ್ ಆಗಿದ್ರಲ್ಲಿ ಎತ್ವ ಒಂದು ಕೋಡು, ಊಕಾರ ಇನ್ನೊಂದು ಕೋಡು, ಎರಡೂ ಸೇರಿ ಪರದೆ ಮೇಲೆ ಅದೇ "ಮೊ". ಕಣ್ಣಿಗೆ ವ್ಯತ್ಯಾಸ ಇಲ್ಲ, ಸೆವೆನ್‌ಜಿಪಿಗೆ ಇದೆ. ಆ ಹಳೇ ಫೈಲ್ ಡಿಲೀಟ್ ಮಾಡಿದ್ದಿದ್ರೆ ನಮ್ಮಪ್ಪನ ಪಹಣಿ ನಂಗೇ ಸಿಗ್ತಿರ್ಲಿಲ್ಲ.

ಈಗ ಪಾಸ್‌ವರ್ಡೆಲ್ಲಾ ಇಂಗ್ಲಿಷ್ ಅಕ್ಷರದಲ್ಲಿ, ಆರು ಕನ್ನಡ ಪದ ಅಡ್ಡಾದಿಡ್ಡಿ ಜೋಡ್ಸಿದ್ದು, ಎಲ್ಲಾ ಚಿಕ್ಕ ಅಕ್ಷರ, ಒಂದೊಂದು ಪದಕ್ಕೂ ಮಧ್ಯ ಚುಕ್ಕೆ. ಎರಡು ಕಾಗದದಲ್ಲಿ ಕೈಯಲ್ಲಿ ಬರೆದು ಒಂದು ಅಪ್ಪನ ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಜೊತೆ, ಒಂದು ಅಕ್ಕನ ಒಡವೆ ಡಬ್ಬೀಲಿ. ಡಿಸ್ಕ್ ಇರೋ ಕಪಾಟಲ್ಲಿ ಮಾತ್ರ ಇಡಂಗಿಲ್ಲ ಅಂತ ಎಲ್ರಿಗೂ ಹೇಳಿಟ್ಟೆ.

ಫೆಬ್ರವರಿ 23, ಭಾನುವಾರ: ಮಾವನ ಡಿಸ್ಕು

ಪ್ಲೇಯರಿಗೆ ಹಾಕೋ ಡಿಸ್ಕಿಗೆ ಬೀಗ ಹಾಕಕ್ಕಾಗಲ್ಲ ಅಂತ ಒಪ್ಕೊಂಡಾಯ್ತಲ್ಲ, ಅದಕ್ಕೆ ಮೂರು ಗಂಟೆ ವಿಡಿಯೋ ಪೂರ್ತಿ ಕೊಡ್ಲಿಲ್ಲ. ಧಾರೆ, ಲಾಜಹೋಮ, ಊಟದ ಪಂಕ್ತಿ, ಹೆಣ್ಣೊಪ್ಪಿಸೋದು, ಇಷ್ಟೇ ಸೇರಿಸಿ 35 ನಿಮಿಷ ಮಾಡ್ದೆ. ಪೂರ್ತಿ ಇರೋದು ವೆರಾಕ್ರಿಪ್ಟ್ ಡಬ್ಬೀಲಿ. ನಾಲ್ಕು ಮನೆಗೆ ನಾಲ್ಕು ಡಿಸ್ಕು, ಕೆಳಗೆ ಮೂಲೇಲಿ ಸಣ್ಣಕ್ಕೆ "ಪ್ರತಿ 1", "ಪ್ರತಿ 2" ಅಂತ ವಿಡಿಯೋ ಮೇಲೇ ಅಚ್ಚು, ಎಲ್ಲಾದ್ರೂ ಹೊರಗೆ ಕಾಣಿಸ್ಕೊಂಡ್ರೆ ಯಾರ ಮನೆಯಿಂದ ಹೋಗಿದ್ದು ಅಂತ ಗೊತ್ತಾಗುತ್ತೆ.

ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರಲ್ಲಿ ಅಕ್ಷರ ಹಾಕಕ್ಕೆ ಹೋದೆ, ನನ್ನ ಹತ್ರ ಇದ್ದ ಹಳೇ ವರ್ಷನ್ನಿಗೆ ಒತ್ತಕ್ಷರ ಬರ್ಲಿಲ್ಲ, "ಪ್ರತಿ" ಅನ್ನೋದು "ಪ್‌ರತಿ" ಅಂತ ಒಡೆದು ಬಂತು. ಅಷ್ಟಾದ್ರೂ ನೋಡ್ದೆ ನಾಲ್ಕೂ ಎನ್‌ಕೋಡ್ ಹಾಕಿ ಊಟಕ್ಕೆ ಹೋಗಿದ್ದೆ, ನಾಲ್ಕೂ ದಂಡ, ಎರಡೂವರೆ ಗಂಟೆ ಹೋಯ್ತು. ಆಮೇಲೆ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರಲ್ಲಿ ಅಕ್ಷರ ಬರೆದು ಚಿತ್ರ ಮಾಡ್ಕೊಂಡು ಅದನ್ನ ವಿಡಿಯೋ ಮೇಲೆ ಕೂರಿಸ್ದೆ. ನಮ್ಮ ಟಿವಿಗಳ ಪಾಲ್ ಅಳತೆ, 720×576, 25 ಫ್ರೇಮ್, 6 ಎಂಬಿಪಿಎಸ್, ಒಂದೊಂದೂ ಒಂದೂವರೆ ಜಿಬಿ ಆಸುಪಾಸು. ಪ್ಲೇಯರಿಗೆ ಹಾಕೋ ಡಿಸ್ಕ್ ತಯಾರಿಸೋ ಡಿವಿಡಿ ಸ್ಟೈಲರಲ್ಲಿ ಮೆನು ಏನೂ ಇಲ್ಲ, ಡಿಸ್ಕ್ ಹಾಕಿದ ತಕ್ಷಣ ಓಡೋ ಹಂಗೆ. ಮಾವನಿಗೆ ರಿಮೋಟಲ್ಲಿ ಮೆನು ಒತ್ತೋದು ಅಂದ್ರೆ ಆಗಲ್ಲ. ನಾಲ್ಕೂ ಡಿಸ್ಕ್ ಅವತ್ತು ರಾತ್ರೀನೇ ಬರೆದೆ, ನಮ್ಮನೆ ಪ್ಲೇಯರಲ್ಲಿ ಓಡಿಸಿ ನೋಡ್ದೆ, ಸರಿಯಾಗಿ ಬಂದ್ವು.

ಫೆಬ್ರವರಿ 26, ಬುಧವಾರ: ಶಿವರಾತ್ರಿ

ಹೆಂಗೂ ಜಾಗರಣೆ, ಆರು ಇಮೇಜು ರೆಡಿ, ಎರಡೆರಡು ಪ್ರತಿ, ಹನ್ನೆರಡು ಡಿಸ್ಕ್. ಪೂಜೆ ಮುಗಿಸಿ ಒಂಬತ್ತಕ್ಕೆ ಶುರು. ಡಬ್ಬಿ ಮೇಲೆ 16x ಸ್ಪೀಡ್ ಅಂತ ಇದ್ರೂ 4xನಲ್ಲಿ ಬರೆದೆ, ಬರೆಯಕ್ಕೆ ಹದಿನೈದು ನಿಮಿಷ, ಬರೆದಿದ್ದು ಸರಿ ಇದೆಯಾ ಅಂತ ನೋಡೋ ವೆರಿಫೈಗೆ ಎಂಟು ಹತ್ತು ನಿಮಿಷ.

ಮೂರನೇ ಡಿಸ್ಕ್ 61 ಪರ್ಸೆಂಟಲ್ಲಿದ್ದಾಗ ಕರೆಂಟ್ ಹೋಯ್ತು. ಇನ್ವರ್ಟರ್ ಇದೆ, ಆದ್ರೆ ಅದು ಶಿಫ್ಟ್ ಆಗೋ ಆ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್. ಡಿಸ್ಕ್ ಗೋವಿಂದ. ತಮ್ಮನ ಲ್ಯಾಪ್‌ಟಾಪಿಗೆ ಯುಎಸ್‌ಬಿ ರೈಟರ್ ಹಾಕಿ ಮುಂದುವರೆಸ್ದೆ, ಮೊದ್ಲೇ ಹಂಗೆ ಮಾಡ್ಬೇಕಿತ್ತು. ಲ್ಯಾಪ್‌ಟಾಪಲ್ಲಿ ಬರ್ನಿಂಗ್ ಸಾಫ್ಟ್‌ವೇರ್ ಬೇರೆ, ಅದು ವೆರಿಫೈ ತಾನಾಗೇ ಮಾಡಲ್ಲ, ಟಿಕ್ ಹಾಕ್ಬೇಕು. ಒಂದು ಡಿಸ್ಕಿಗೆ ಮರೆತು ಆಮೇಲೆ ಬೇರೆಯಾಗಿ ಚೆಕ್ ಮಾಡ್ದೆ.

ಎಂಟನೇದು ವೆರಿಫೈ ಫೇಲ್. ಬೆಳಕಿಗೆ ಹಿಡಿದು ನೋಡಿದ್ರೆ ಅಂಚಲ್ಲಿ ಹೆಬ್ಬೆಟ್ಟಿನ ಗುರುತು, ತುಪ್ಪದ್ದು. ಅಮ್ಮ ತಂಬಿಟ್ಟು ತಂದಿಟ್ಟಿದ್ರು, ಒಂದು ತಿಂದು ಹಂಗೇ ಡಿಸ್ಕ್ ತೆಗೆದು ಹಾಕಿದೀನಿ. ಮೆತ್ತನೆ ಬಟ್ಟೇಲಿ ಒಳಗಿಂದ ಹೊರಕ್ಕೆ ನೇರಕ್ಕೆ ಒರೆಸಿ ಮತ್ತೆ ಓದಿಸ್ದೆ, ಆಗ್ಲೂ ಫೇಲ್, ತುಪ್ಪದ ಮೇಲೇ ಬರೆದಿದ್ರಿಂದ ಬರೆಯುವಾಗ್ಲೇ ಕೆಟ್ಟಿತ್ತು. ಅದನ್ನ ಪಕ್ಕಕ್ಕಿಟ್ಟು ಬೇರೆ ಬರೆದೆ. ಮೂರೂ ಮುಕ್ಕಾಲಿಗೆ ಹನ್ನೆರಡೂ ಮುಗೀತು. ಶಿವನ ಹೆಸರಲ್ಲಿ ಒಂದು ನಿಮಿಷನೂ ಕಣ್ಣು ಮುಚ್ಚಿಲ್ಲ, ಪುಣ್ಯ ಬರುತ್ತೋ ಇಲ್ವೋ ಗೊತ್ತಿಲ್ಲ.

ಖರ್ಚು: ಹೊಸದಾಗಿ ಕೊಂಡಿದ್ದು ಆರ್‌ಡಬ್ಲ್ಯೂ ಸೇರಿ ₹2,955, ರಬ್ಬರ್ ₹5. ಡಬ್ಬೀಲಿ ಇನ್ನೂ 27 ಖಾಲಿ ಡಿಸ್ಕ್ ಉಳಿದಿದೆ.

ಮಾರ್ಚ್ 2, ಭಾನುವಾರ: ಸೀಬೆ ಮರ

ಅಕ್ಕನ ಸೆಟ್ ಕೊಟ್ಟು ಬಂದು ಅಂಗಳದಲ್ಲಿ ಕೂತಿದ್ದೆ. ಸೀಬೆ ಮರದಲ್ಲಿ ಏನೋ ಮಿರಮಿರ ಹೊಳೀತಿತ್ತು. ಅಮ್ಮ ಗಿಳಿ ಕಾಟಕ್ಕೆ ಅಂತ ನನ್ನ ಹಾಳಾದ ಡಿಸ್ಕುಗಳನ್ನ ದಾರ ಕಟ್ಟಿ ನೇತಾಕಿದಾರೆ. ಚೆನ್ನಾಗಿದೆ ಅಂತ ನೋಡ್ತಾ ಇದ್ದೋನಿಗೆ ಎದೆ ಧಸಕ್ ಅಂತು. ಶಿವರಾತ್ರಿ ಎರಡು ಡಿಸ್ಕ್ ಬಿಡಿ, ಅವು ಬೀಗ ಹಾಕಿದ್ದು. 1ರಿಂದ 5ರವರೆಗೆ ಇದ್ದದ್ದು ಬೀಗಾನೇ ಇಲ್ದೆ ಬರೆದಿದ್ದು, ಪಹಣಿ ಆಧಾರ್ ಸಮೇತ, ಬಚ್ಚಿಟ್ಟಿದ್ದೂ ಕಾಣುತ್ತೆ, ಗೀಚಿದ ಜಾಗ ಬಿಟ್ರೆ ಉಳಿದಿದ್ದೂ ಓದುತ್ತೆ. ರೋಡಿಗೆ ಚಾಚಿರೋ ಕೊಂಬೆ ಮೇಲೆ ನಾಲ್ಕು ದಿನದಿಂದ ತೂಗಾಡ್ತಿದೆ.

ಏಣಿ ಹಾಕಿ ಇಳಿಸ್ದೆ. ತುಪ್ಪದ್ದು ಸಿಕ್ತು, ಕರೆಂಟ್ ಹೋಗಿದ್ದು ಸಿಕ್ತು, 1, 2, 4, 5 ಸಿಕ್ತು. 3 ಇಲ್ಲ. ದಾರ ಮಾತ್ರ ಇದೆ.

ಸಂಜೆ ಪಕ್ಕದ್ಮನೆ ಆಂಟಿ ಮಗ ಸೈಕಲ್ಲಲ್ಲಿ ಬಂದ, ಹಿಂದಿನ ಚಕ್ರದ ಕಡ್ಡಿಗಳ ಮಧ್ಯ ಡಿಸ್ಕ್ ಕಟ್ಕೊಂಡು. ಮಾರ್ಕರಲ್ಲಿ ನಂಬರ್ 3, ಸುಳ್ಳು ಸೈಜಿಂದು. ಬಿಚ್ಚಿ ಕೊಡೋ ಅಂದ್ರೆ ಒಂದಕ್ಕೆ ಎರಡು ಕೊಡಿ, ಮುಂದಿನ ಚಕ್ರಕ್ಕೂ ಬೇಕು ಅಂದ. ಡಬ್ಬಿಯಿಂದ ಎರಡು ಖಾಲಿ ಡಿಸ್ಕ್ ಕೊಟ್ಟು ಇಸ್ಕೊಂಡೆ. ಐದನ್ನೂ ಬಿಸಿನೀರಲ್ಲಿ ಅದ್ದಿ ಕತ್ತರೀಲಿ ನಾಲ್ಕು ನಾಲ್ಕು ಹೋಳು ಮಾಡಿ ಆಯ್ತು, ಒಣಗಿದ್ದು ಕತ್ತರಿಸಿದ್ರೆ ಚೂರು ಕಣ್ಣಿಗೆ ಹಾರುತ್ತೆ. ಸೀಬೆ ಮರಕ್ಕೆ ಅಮ್ಮ ಹಳೇ ಸೀರೆ ಅಂಚು ಕಟ್ಟಿದಾರೆ.